ಬಳಸಿದ ಸ್ಪೋರ್ಟ್ಸ್ ಕಾರಿನ ಮಾರಾಟ ಹಾಗೂ ಮಾಲೀಕತ್ವ ವರ್ಗಾವಣೆ: ಮಾರ್ಪಾಡು ಹೊಂದಿದ ವಾಹನಗಳ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಮೋಟಾರು ವಾಹನವೊಂದನ್ನು ಮಾರಾಟ ಮಾಡುವುದೆಂದರೆ ಹಣ ಪಡೆದು ಬೀಗದ ಕೈ ಹಸ್ತಾಂತರಿಸುವುದಷ್ಟೇ ಎಂಬ ಭಾವನೆ ಸಾರ್ವಜನಿಕರಲ್ಲಿ ವ್ಯಾಪಕವಾಗಿದೆ. ಕಾನೂನಿನ ದೃಷ್ಟಿಯಲ್ಲಿ ಇದು ಸರಿಯಲ್ಲ. ನೋಂದಣಿ ದಾಖಲೆಯಲ್ಲಿ ಖರೀದಿದಾರನ ಹೆಸರು ಸೇರ್ಪಡೆಯಾಗುವವರೆಗೆ ಆ ವಾಹನದಿಂದ ಉಂಟಾಗುವ ಅಪಘಾತ, ದಂಡ ಮತ್ತು ಪರಿಹಾರದ ಹೊಣೆ ಮಾರಿದವರ ಮೇಲೆಯೇ ಬರುವ ಸಂಭವವಿರುತ್ತದೆ. ವಾಹನವು ಅಧಿಕ ವೇಗ ಸಾಮರ್ಥ್ಯದ ಸ್ಪೋರ್ಟ್ಸ್ ಕಾರಾಗಿದ್ದು, ಅದಕ್ಕೆ ಮಾಲೀಕರು ಕೆಲವು ಮಾರ್ಪಾಡುಗಳನ್ನು ಮಾಡಿಸಿಕೊಂಡಿದ್ದಲ್ಲಿ ಈ ಹೊಣೆಯ ಜೊತೆಗೆ ಮಾರ್ಪಾಡಿನ ಸಿಂಧುತ್ವದ ಪ್ರಶ್ನೆಯೂ ಏಳುತ್ತದೆ.

ಇಂತಹ ಕಾರನ್ನು ಜತನದಿಂದ ನೋಡಿಕೊಂಡು ಬಂದ ಮಾಲೀಕರು ಅದನ್ನು ಕ್ರಮಬದ್ಧವಾಗಿ, ನ್ಯಾಯಯುತ ಬೆಲೆಗೆ ಹಾಗೂ ಮುಂದಿನ ತೊಡಕುಗಳಿಗೆ ಅವಕಾಶವಿಲ್ಲದಂತೆ ಮಾರಾಟ ಮಾಡಲು ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

2. "ಸ್ಪೋರ್ಟ್ಸ್ ಕಾರು" ಎಂಬ ಪದದ ವ್ಯಾಪ್ತಿ

ಮೋಟಾರು ವಾಹನಗಳ ಅಧಿನಿಯಮ, 1988ರಲ್ಲಿ "ಸ್ಪೋರ್ಟ್ಸ್ ಕಾರು" ಎಂಬ ಪ್ರತ್ಯೇಕ ವರ್ಗವಿಲ್ಲ. ಎರಡು ಆಸನಗಳ ಆಮದು ಕಾರಾಗಲಿ, ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್‌ನಂತಹ ದೇಶೀಯ ಕಾರಾಗಲಿ, ಟರ್ಬೋ ಎಂಜಿನ್ ಹೊಂದಿರುವ ಫಿಯೆಟ್ ಅಬಾರ್ತ್ ಪುಂಟೋ, ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಅಥವಾ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಆಗಲಿ, ಇವೆಲ್ಲವೂ ಸಾರಿಗೇತರ ಲಘು ಮೋಟಾರು ವಾಹನಗಳೆಂದೇ ನೋಂದಣಿಯಾಗುತ್ತವೆ. ಆದುದರಿಂದ ಸಾಮಾನ್ಯ ಕಾರಿನ ವರ್ಗಾವಣೆಗೆ ಇರುವ ನಮೂನೆಗಳು ಮತ್ತು ಕಾಲಮಿತಿ ಇವುಗಳಿಗೂ ಅನ್ವಯಿಸುತ್ತವೆ. ವ್ಯತ್ಯಾಸವಿರುವುದು ಮುಖ್ಯವಾಗಿ ಮಾರ್ಪಾಡು, ಬೆಲೆ ನಿಗದಿ ಮತ್ತು ಪರೀಕ್ಷಾ ಚಾಲನೆಯ ವಿಷಯಗಳಲ್ಲಿ.

3. ಹೆಸರು ವರ್ಗಾವಣೆ ಏಕೆ ಅನಿವಾರ್ಯ

ಅಧಿನಿಯಮದ ಕಲಂ 2(30)ರ ಪ್ರಕಾರ ಯಾರ ಹೆಸರಿನಲ್ಲಿ ವಾಹನವು ನೋಂದಣಿಯಾಗಿದೆಯೋ ಅವರೇ ಅದರ "ಮಾಲೀಕ". ಈ ವ್ಯಾಖ್ಯೆಯ ಪರಿಣಾಮವು ಮಾನ್ಯ ಸರ್ವೋಚ್ಚ ನ್ಯಾಯಾಲಯವು ದಿನಾಂಕ 6-2-2018ರಂದು ನೀಡಿದ ತೀರ್ಪೊಂದರಿಂದ ಸ್ಪಷ್ಟವಾಗುತ್ತದೆ.

ಆ ಪ್ರಕರಣದಲ್ಲಿ ನೋಂದಾಯಿತ ಮಾಲೀಕರು 2007ರ ಜುಲೈ ತಿಂಗಳಿನಲ್ಲಿಯೇ ತಮ್ಮ ವಾಹನವನ್ನು ಮಾರಿ, ನೋಂದಣಿ ಪತ್ರ ಹಾಗೂ ನಮೂನೆ 29 ಮತ್ತು 30ನ್ನು ಖರೀದಿದಾರರಿಗೆ ಕೊಟ್ಟಿದ್ದಾಗಿ ತಿಳಿಸಿದ್ದರು. ಅನಂತರ ವಾಹನವು ಒಬ್ಬರಿಂದ ಮತ್ತೊಬ್ಬರಿಗೆ ಹಲವು ಬಾರಿ ಕೈ ಬದಲಾಯಿತು. ಯಾರೊಬ್ಬರೂ ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲಿಲ್ಲ. 2009ರ ಮೇ ತಿಂಗಳಿನಲ್ಲಿ ಆ ವಾಹನದಿಂದ ಅಪಘಾತವಾಗಿ ಒಬ್ಬರು ಸ್ಥಳದಲ್ಲಿಯೇ ಮೃತಪಟ್ಟರು. ಪರಿಹಾರದ ಹೊಣೆ ಯಾರದೆಂಬ ಪ್ರಶ್ನೆ ಬಂದಾಗ, ಅಪಘಾತದ ದಿನದಂದು ದಾಖಲೆಯಲ್ಲಿ ಯಾರ ಹೆಸರಿತ್ತೋ ಅವರನ್ನೇ ಮಾಲೀಕರೆಂದು ಪರಿಗಣಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ನೋಂದಣಿ ಪ್ರಾಧಿಕಾರದಲ್ಲಿ ದಾಖಲಾಗದ ಸರಣಿ ಮಾರಾಟಗಳ ಜಾಡು ಹಿಡಿದು ಅಲೆಯುವ ಹೊರೆಯನ್ನು ನೊಂದವರ ಮೇಲೆ ಹೇರಲಾಗದು ಎಂಬುದು ಆ ತೀರ್ಪಿನ ಸಾರ.

ಗಮನಿಸಬೇಕಾದ ಅಂಶವೆಂದರೆ, ಆ ಮಾಲೀಕರು ವಾಹನವನ್ನು ಕೊಟ್ಟು ಸುಮಾರು 2 ವರ್ಷಗಳಾಗಿದ್ದವು. ನಮೂನೆಗಳಿಗೆ ಸಹಿ ಮಾಡಿ ಕೊಟ್ಟುದರಿಂದ ಅವರಿಗೆ ರಕ್ಷಣೆ ದೊರೆಯಲಿಲ್ಲ. ಸಹಿಯಾದ ನಮೂನೆಯು ಕಚೇರಿಯನ್ನು ತಲುಪಿ, ವರ್ಗಾವಣೆಯು ದಾಖಲಾದಾಗ ಮಾತ್ರ ಅದಕ್ಕೆ ಬೆಲೆ ಬರುತ್ತದೆ.

4. ಮಾರಾಟಕ್ಕೆ ಮುನ್ನ ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

ಖರೀದಿದಾರರನ್ನು ಹುಡುಕುವ ಮೊದಲೇ ಈ ಕೆಳಕಂಡ ದಾಖಲೆಗಳನ್ನು ಪರಿಶೀಲಿಸಿ ಒಂದೆಡೆ ಇಟ್ಟುಕೊಳ್ಳುವುದು ಸೂಕ್ತ.

(ಅ) ನೋಂದಣಿ ಪತ್ರ: ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆ, ಬಣ್ಣ ಮತ್ತು ಇಂಧನದ ವಿವರಗಳು ವಾಹನದೊಂದಿಗೆ ತಾಳೆಯಾಗಬೇಕು. ಖಾಸಗಿ ಕಾರಿನ ನೋಂದಣಿಯು ಆರಂಭದಲ್ಲಿ 15 ವರ್ಷಗಳ ಅವಧಿಗೆ ಸಿಂಧುವಾಗಿರುತ್ತದೆ. ಅವಧಿ ಮುಗಿದಿದ್ದಲ್ಲಿ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ ನವೀಕರಿಸಿಕೊಂಡ ನಂತರವೇ ಮಾರಾಟಕ್ಕೆ ಮುಂದಾಗುವುದು ಒಳಿತು.

(ಆ) ಸಾಲದ ನಮೂದು: ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆಯ ಸಾಲ ತೀರಿದ್ದರೂ ನೋಂದಣಿ ಪತ್ರದಲ್ಲಿ ಆಧಾರ ಕರಾರಿನ ನಮೂದು ಹಾಗೆಯೇ ಉಳಿದಿರುವುದು ಸಾಮಾನ್ಯ. ನಮೂನೆ 35 ಮತ್ತು ಸಂಸ್ಥೆಯ ಋಣಮುಕ್ತ ಪತ್ರದೊಂದಿಗೆ ಅರ್ಜಿ ಸಲ್ಲಿಸಿ ನಮೂದನ್ನು ರದ್ದುಪಡಿಸಿಕೊಳ್ಳತಕ್ಕದ್ದು. ಕಲಂ 51ರ ಮೇರೆಗೆ, ಸಾಲದ ಕರಾರು ಜಾರಿಯಲ್ಲಿರುವಾಗ ಸಾಲ ನೀಡಿದ ಸಂಸ್ಥೆಯ ಲಿಖಿತ ಒಪ್ಪಿಗೆಯಿಲ್ಲದೆ ಹೆಸರು ವರ್ಗಾವಣೆ ಆಗುವುದಿಲ್ಲ.

(ಇ) ವಿಮಾ ಪತ್ರ ಮತ್ತು ಹೊಗೆ ತಪಾಸಣಾ ಪ್ರಮಾಣ ಪತ್ರ: ಇವೆರಡೂ ಚಾಲ್ತಿಯಲ್ಲಿರಬೇಕು.

(ಈ) ದಂಡ ಬಾಕಿ: ಸಂಚಾರ ನಿಯಮ ಉಲ್ಲಂಘನೆಯ ಬಾಕಿ ದಂಡಗಳನ್ನು ಪರಿಶೀಲಿಸಿ ಪಾವತಿಸಿ, ರಸೀದಿ ಇಟ್ಟುಕೊಳ್ಳಬೇಕು. ಕ್ಯಾಮೆರಾ ಮೂಲಕ ದಾಖಲಾಗುವ ಪ್ರಕರಣಗಳ ಅರಿವು ಮಾಲೀಕರಿಗೇ ಇಲ್ಲದಿರಬಹುದು.

(ಉ) ಅತಿ ಸುರಕ್ಷಿತ ನೋಂದಣಿ ಫಲಕ: ದಿನಾಂಕ 1-4-2019ಕ್ಕೆ ಮುನ್ನ ನೋಂದಣಿಯಾದ ವಾಹನಗಳಿಗೂ ಈ ಫಲಕ ಅಳವಡಿಸುವಂತೆ ಕರ್ನಾಟಕದಲ್ಲಿ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಲಾಗಿದೆ. ಅಲಂಕಾರಿಕ ಅಕ್ಷರಗಳ ಫಲಕಗಳನ್ನು ತೆಗೆಸತಕ್ಕದ್ದು.

(ಊ) ನಿರ್ವಹಣಾ ದಾಖಲೆ: ಸರ್ವೀಸ್ ಪುಸ್ತಕ, ಬಿಲ್ಲುಗಳು, ಬದಲಾಯಿಸಿದ ಬಿಡಿಭಾಗಗಳ ರಸೀದಿಗಳು ಹಾಗೂ ಎರಡೂ ಬೀಗದ ಕೈಗಳು.

5. ಮಾರ್ಪಾಡುಗಳು: ಯಾವುದು ಸರಿ, ಯಾವುದು ತಪ್ಪು

ಅಧಿನಿಯಮದ ಕಲಂ 52ರ ಪ್ರಕಾರ, ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೂ ನೋಂದಣಿ ಪತ್ರದಲ್ಲಿನ ವಿವರಗಳಿಗೂ ವ್ಯತ್ಯಾಸ ಉಂಟಾಗುವ ರೀತಿಯಲ್ಲಿ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಬೇರೆ ಇಂಧನಕ್ಕೆ ಪರಿವರ್ತಿಸುವ ಅನುಮೋದಿತ ಕಿಟ್ ಅಳವಡಿಕೆಯಂತಹ ಕೆಲವು ವಿನಾಯಿತಿಗಳು ಮಾತ್ರ ಇವೆ. ಸರ್ವೋಚ್ಚ ನ್ಯಾಯಾಲಯವು ದಿನಾಂಕ 9-1-2019ರ ತೀರ್ಪಿನಲ್ಲಿ ಈ ಉಪಬಂಧವನ್ನು ಎತ್ತಿಹಿಡಿದಿದೆ. ದಿನಾಂಕ 1-9-2019ರಿಂದ ಜಾರಿಗೆ ಬಂದ ಕಲಂ 182ಎ(4)ರ ಮೇರೆಗೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರು 6 ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡಕ್ಕೂ ಗುರಿಯಾಗಬಹುದು. ದಂಡವು ವಾಹನಕ್ಕೆ ಒಂದರಂತೆ ಅಲ್ಲ, ಮಾರ್ಪಾಡಿಗೆ ಒಂದರಂತೆ ಎಂಬುದನ್ನು ಗಮನಿಸತಕ್ಕದ್ದು.

ಸ್ಪೋರ್ಟ್ಸ್ ಕಾರುಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಮಾರ್ಪಾಡುಗಳ ಸ್ಥಿತಿ ಹೀಗಿದೆ:

5.1 ಚಕ್ರ ಮತ್ತು ಟೈರು: ಅದೇ ಮಾದರಿಯ ಉನ್ನತ ಆವೃತ್ತಿಗೆ ತಯಾರಕರೇ ಒದಗಿಸಿರುವ ಅಳತೆಯ ಅಲಾಯ್ ಚಕ್ರಗಳನ್ನು ಹಾಕಿಸಿದ್ದಲ್ಲಿ ತೊಡಕು ಕಡಿಮೆ. ಬೇರೆ ಅಳತೆಯಾದಲ್ಲಿ ಚಕ್ರದ ಒಟ್ಟು ವ್ಯಾಸ ಬದಲಾಗಿ ವೇಗಸೂಚಕ ಮತ್ತು ದೂರಮಾಪಕಗಳ ಅಂಕಿಗಳು ತಪ್ಪುತ್ತವೆ. ಉದಾಹರಣೆಗೆ, 185/60 ಆರ್15 ಟೈರಿನ ವ್ಯಾಸ ಸುಮಾರು 603 ಮಿ.ಮೀ. ಇದರ ಬದಲು 195/50 ಆರ್16 ಹಾಕಿದರೆ ವ್ಯಾಸ ಸುಮಾರು 601 ಮಿ.ಮೀ. ಆಗುತ್ತದೆ, ವ್ಯತ್ಯಾಸ ನಗಣ್ಯ. ಆದರೆ 205/55 ಆರ್16 ಹಾಕಿದರೆ ವ್ಯಾಸ ಸುಮಾರು 632 ಮಿ.ಮೀ. ಆಗಿ ಶೇ. 5ರಷ್ಟು ಹೆಚ್ಚುತ್ತದೆ. ಆಗ ವೇಗಸೂಚಕವು ಮೊದಲಿಗಿಂತ ಶೇ. 5ರಷ್ಟು ಕಡಿಮೆ ವೇಗವನ್ನು ತೋರಿಸುತ್ತದೆ, ದೂರಮಾಪಕವೂ ಕಡಿಮೆ ಓಟವನ್ನು ದಾಖಲಿಸುತ್ತದೆ. ಇಂತಹ ಟೈರಿನ ಮೇಲೆ ಓಡಿದ ಕಾರಾದಲ್ಲಿ ಆ ಸಂಗತಿಯನ್ನು ಖರೀದಿದಾರರಿಗೆ ತಿಳಿಸತಕ್ಕದ್ದು.

5.2 ಸೈಲೆನ್ಸರ್: ನಿಗದಿತ ಮಿತಿ ಮೀರಿ ಶಬ್ದ ಮಾಡುವ ಸೈಲೆನ್ಸರ್‌ಗೆ ಅನುಮತಿಯಿಲ್ಲ. ಶಬ್ದ ಹಾಗೂ ವಾಯುಮಾಲಿನ್ಯ ಮಾನಕಗಳ ಉಲ್ಲಂಘನೆಗೆ ಕಲಂ 190(2)ರಡಿ ಪ್ರತ್ಯೇಕ ದಂಡನೆ ಇದೆ. ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿದ್ದಲ್ಲಿ ಅದನ್ನು ಮರಳಿ ಹಾಕಿಸದೆ ಮಾರಾಟ ಮಾಡಬಾರದು.

5.3 ಎಂಜಿನ್ ನಿಯಂತ್ರಣ ತಂತ್ರಾಂಶದ ಬದಲಾವಣೆ: ಎಂಜಿನ್ನಿನ ಶಕ್ತಿ ಹೆಚ್ಚಿಸಲು ತಂತ್ರಾಂಶವನ್ನು ಬದಲಾಯಿಸುವುದು ಟರ್ಬೋ ಕಾರುಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ. ಆದರೆ ಹೊಗೆಯ ಪ್ರಮಾಣ, ಕ್ಲಚ್ ಮತ್ತು ಗೇರ್‌ಪೆಟ್ಟಿಗೆಯ ಮೇಲಿನ ಹೊರೆ ಹಾಗೂ ತಯಾರಕರ ವಾರಂಟಿಯ ಮೇಲೆ ಪರಿಣಾಮ ಬೀರುತ್ತದೆ. ಮಾರಾಟಕ್ಕೆ ಮುನ್ನ ಮೂಲ ತಂತ್ರಾಂಶವನ್ನು ಮರುಸ್ಥಾಪಿಸಿ, ಅದಕ್ಕೆ ಬಿಲ್ಲು ಪಡೆಯುವುದು ಕ್ಷೇಮ.

5.4 ಎಂಜಿನ್ ಬದಲಾವಣೆ: ಎಂಜಿನ್ ಬದಲಾಗಿದ್ದಲ್ಲಿ ಅದರ ಸಂಖ್ಯೆಯು ನೋಂದಣಿ ಪತ್ರದಲ್ಲಿ ನಮೂದಾಗಿರಲೇಬೇಕು. ನಮೂದಾಗದ ಎಂಜಿನ್ ಹೊಂದಿರುವ ವಾಹನದ ವರ್ಗಾವಣೆಯು ತಪಾಸಣೆಯ ಹಂತದಲ್ಲಿಯೇ ನಿಲ್ಲುತ್ತದೆ.

5.5 ಬಣ್ಣ: ಮೂಲ ಬಣ್ಣವನ್ನು ಬದಲಾಯಿಸಿದ್ದಲ್ಲಿ ನೋಂದಣಿ ಪತ್ರದಲ್ಲಿ ತಿದ್ದುಪಡಿ ಅಗತ್ಯ. ಬಣ್ಣದ ಹಾಳೆ ಹೊದಿಸಿ ವಾಹನದ ತೋರಿಕೆಯನ್ನೇ ಬದಲಿಸಿದ್ದಲ್ಲಿ ಮಾರಾಟಕ್ಕೆ ಮುನ್ನ ಅದನ್ನು ತೆಗೆಸುವುದು ಸುಲಭ ಪರಿಹಾರ.

5.6 ಗಾಜು: ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ. 70ರಷ್ಟು, ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇ. 50ರಷ್ಟು ಬೆಳಕು ಹಾದುಹೋಗಬೇಕು. ಕಪ್ಪು ಹಾಳೆ ಅಂಟಿಸಿದ ಗಾಜುಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಕಟ್ಟುನಿಟ್ಟಿನ ಆದೇಶ ನೀಡಿದೆ.

5.7 ಸಾಮಾನ್ಯವಾಗಿ ಆಕ್ಷೇಪಕ್ಕೆ ಒಳಗಾಗದವು: ಆಸನದ ಹೊದಿಕೆ, ಸಂಗೀತ ಸಾಧನ, ಅದೇ ಅಳತೆಯ ಉತ್ತಮ ದರ್ಜೆಯ ಬ್ರೇಕ್ ಪ್ಯಾಡು, ಗಾಳಿ ಶೋಧಕ ಮುಂತಾದವು.

ಮಾರ್ಪಾಡು ಮಾಡಿಸುವಾಗ ಕಳಚಿದ ಮೂಲ ಬಿಡಿಭಾಗಗಳನ್ನು ಮಾರಿಕೊಳ್ಳದೆ ಜೋಪಾನವಾಗಿ ಇಟ್ಟುಕೊಂಡಿರುವ ಮಾಲೀಕರಿಗೆ ಮಾರಾಟದ ಸಮಯದಲ್ಲಿ ಹೆಚ್ಚಿನ ಅನುಕೂಲವಿದೆ. ವಾಹನವನ್ನು ಮೂಲ ಸ್ಥಿತಿಗೆ ತಂದು ಮಾರಬಹುದು. ಹೆಚ್ಚುವರಿ ಭಾಗಗಳನ್ನು ಬೇರೆಯಾಗಿಯೂ ಮಾರಬಹುದು. ತಯಾರಿಕೆ ನಿಂತಿರುವ ಮಾದರಿಗಳಲ್ಲಿ ಮೂಲ ಬಿಡಿಭಾಗಗಳಿಗೆ ತಮ್ಮದೇ ಆದ ಬೆಲೆ ಇರುತ್ತದೆ.

6. ವಾಹನದ ಸ್ಥಿತಿಗತಿಯನ್ನು ತಿಳಿಸುವ ಬಗೆ

"ಉತ್ತಮ ಸ್ಥಿತಿಯಲ್ಲಿದೆ" ಎಂಬ ಒಂದು ಮಾತಿನಿಂದ ಖರೀದಿದಾರರಿಗೆ ಯಾವ ಪ್ರಯೋಜನವೂ ಇಲ್ಲ. ಈ ಕೆಳಕಂಡ ವಿವರಗಳನ್ನು ಬಿಲ್ಲಿನ ಆಧಾರದೊಂದಿಗೆ ಒದಗಿಸಿದಾಗ ನಂಬಿಕೆ ತಾನಾಗಿಯೇ ಬರುತ್ತದೆ.

(ಅ) ಎಂಜಿನ್ ಎಣ್ಣೆ ಬದಲಾಯಿಸಿದ ದಿನಾಂಕಗಳು ಮತ್ತು ಆಯಾ ಸಂದರ್ಭದ ಕಿಲೋಮೀಟರುಗಳು. ಟರ್ಬೋ ಎಂಜಿನ್ನಿನ ಆಯುಷ್ಯ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.
(ಆ) ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದಲ್ಲಿ ಅದನ್ನು ಕೊನೆಯ ಬಾರಿ ಬದಲಾಯಿಸಿದ ದಿನಾಂಕ.
(ಇ) ಕ್ಲಚ್, ಬ್ರೇಕ್ ಡಿಸ್ಕ್, ಶಾಕ್ ಅಬ್ಸಾರ್ಬರ್‌ಗಳ ಸ್ಥಿತಿ.
(ಈ) ಟೈರಿನ ವಯಸ್ಸು. ಟೈರಿನ ಪಕ್ಕದಲ್ಲಿರುವ 4 ಅಂಕಿಗಳಲ್ಲಿ ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. "2321" ಎಂದಿದ್ದರೆ ಅದು 2021ನೇ ವರ್ಷದ 23ನೇ ವಾರದಲ್ಲಿ ತಯಾರಾದ ಟೈರು. ಮೇಲ್ಮೈ ಸವೆಯದಿದ್ದರೂ ಹಳೆಯ ಟೈರಿನ ರಬ್ಬರು ಗಡಸಾಗಿ ಹಿಡಿತ ಕಡಿಮೆಯಾಗುತ್ತದೆ.
(ಉ) ಅಪಘಾತ, ವಿಮಾ ಪರಿಹಾರ ಮತ್ತು ಮರುಬಣ್ಣದ ವಿವರ. ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿದ್ದಲ್ಲಿ ಆ ಸಂಗತಿ.
(ಊ) ಮೋಟಾರು ಸ್ಪರ್ಧೆಗಳಲ್ಲಿ ಅಥವಾ ರೇಸಿಂಗ್ ಟ್ರ್ಯಾಕ್‌ನಲ್ಲಿ ಓಡಿಸಿದ್ದಲ್ಲಿ ಆ ಸಂಗತಿ.

ಬಳಸಿದ ವಸ್ತುವನ್ನು ಪರೀಕ್ಷಿಸಿ ಕೊಳ್ಳುವ ಜವಾಬ್ದಾರಿ ಖರೀದಿದಾರರದೇ ಎಂಬುದು ಸಾಮಾನ್ಯ ತತ್ವ. ಆದರೆ ಭಾರತೀಯ ಕರಾರು ಅಧಿನಿಯಮ, 1872ರ ಕಲಂ 17ರ ಪ್ರಕಾರ ಸಂಗತಿಯನ್ನು ತಿಳಿದೂ ತಿಳಿದೂ ಮರೆಮಾಚುವುದು ವಂಚನೆ ಎನಿಸಿಕೊಳ್ಳುತ್ತದೆ. ಅಂತಹ ಕರಾರನ್ನು ಖರೀದಿದಾರರು ರದ್ದುಪಡಿಸಬಹುದು. ದೂರಮಾಪಕವನ್ನು ಹಿಂದಕ್ಕೆ ತಿರುಗಿಸುವುದು, ಅಪಘಾತದ ಗುರುತನ್ನು ಬಣ್ಣದಿಂದ ಮುಚ್ಚಿ "ಅಪಘಾತವಾಗಿಲ್ಲ" ಎನ್ನುವುದು ಇದಕ್ಕೆ ಉದಾಹರಣೆಗಳು.

7. ಬೆಲೆ ನಿಗದಿ

ಬೆಲೆಯನ್ನು ಉಭಯ ಪಕ್ಷಗಳು ಪರಸ್ಪರ ಒಪ್ಪಿಗೆಯಿಂದ ನಿರ್ಧರಿಸಿಕೊಳ್ಳುತ್ತವೆ. ಇದರಲ್ಲಿ ನೋಂದಣಿ ಪ್ರಾಧಿಕಾರದ ಪಾತ್ರವಿಲ್ಲ. ಆದಾಗ್ಯೂ ಒಂದು ಆಧಾರವಾಗಿ ವಿಮಾ ಕ್ಷೇತ್ರದ ಸವಕಳಿ ಪಟ್ಟಿಯನ್ನು ನೋಡಬಹುದು. ಅದರಂತೆ ತಯಾರಕರ ಮಾರಾಟ ಬೆಲೆಯಿಂದ ಕಳೆಯುವ ಪ್ರಮಾಣ:

6 ತಿಂಗಳವರೆಗೆ – ಶೇ. 5
6 ತಿಂಗಳು ಮೀರಿ 1 ವರ್ಷದವರೆಗೆ – ಶೇ. 15
1 ವರ್ಷ ಮೀರಿ 2 ವರ್ಷದವರೆಗೆ – ಶೇ. 20
2 ವರ್ಷ ಮೀರಿ 3 ವರ್ಷದವರೆಗೆ – ಶೇ. 30
3 ವರ್ಷ ಮೀರಿ 4 ವರ್ಷದವರೆಗೆ – ಶೇ. 40
4 ವರ್ಷ ಮೀರಿ 5 ವರ್ಷದವರೆಗೆ – ಶೇ. 50

ಉದಾಹರಣೆ: ರೂ. 12,00,000 ಬೆಲೆಯ ಕಾರು ನಾಲ್ಕೂವರೆ ವರ್ಷ ಹಳೆಯದಾಗಿದ್ದಲ್ಲಿ ಈ ಪಟ್ಟಿಯ ಮೇರೆಗೆ ಮೌಲ್ಯ ರೂ. 6,00,000. ಮಾರುಕಟ್ಟೆ ಬೆಲೆಯು ಇದಕ್ಕಿಂತ ಹೆಚ್ಚು ಅಥವಾ ಕಡಿಮೆ ಇರಬಹುದು. ಅಪರೂಪದ ಮಾದರಿ, ಒಬ್ಬರೇ ಮಾಲೀಕರು, ಪೂರ್ಣ ನಿರ್ವಹಣಾ ದಾಖಲೆ ಇವು ಬೆಲೆಯನ್ನು ಏರಿಸುತ್ತವೆ. ಬಿಡಿಭಾಗಗಳ ಅಲಭ್ಯತೆ ಬೆಲೆಯನ್ನು ಇಳಿಸುತ್ತದೆ.

ಮಾರ್ಪಾಡಿಗೆ ಮಾಡಿದ ಖರ್ಚು ಬೆಲೆಯಲ್ಲಿ ಪೂರ್ತಿಯಾಗಿ ಮರಳುವುದೆಂಬ ನಿರೀಕ್ಷೆ ಸರಿಯಲ್ಲ. ಮಾಲೀಕರ ಅಭಿರುಚಿಗೆ ತಕ್ಕಂತೆ ಮಾಡಿದ ಬದಲಾವಣೆಯು ಇನ್ನೊಬ್ಬರಿಗೆ ಕಳಚಿ ಹಾಕಬೇಕಾದ ಖರ್ಚಾಗಿ ತೋರಬಹುದು.

8. ಪರೀಕ್ಷಾ ಚಾಲನೆ

ಖರೀದಿದಾರರು ಕಾರನ್ನು ಓಡಿಸಿ ನೋಡಲು ಬಯಸುವುದು ಸಹಜ. ಆದರೆ ಆ ಕ್ಷಣದಲ್ಲಿಯೂ ಮಾಲೀಕರು ನೋಂದಾಯಿತ ವ್ಯಕ್ತಿಯೇ ಆಗಿರುತ್ತಾರೆ. ಚಾಲನಾ ಅನುಜ್ಞಾಪತ್ರವಿಲ್ಲದವರಿಗೆ ವಾಹನ ಓಡಿಸಲು ಕೊಡುವುದು ಕಲಂ 180ರ ಮೇರೆಗೆ ಮಾಲೀಕರ ಅಪರಾಧವಾಗಿದ್ದು, 3 ತಿಂಗಳವರೆಗಿನ ಕಾರಾವಾಸ ಅಥವಾ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಆದ್ದರಿಂದ ಮೂಲ ಅನುಜ್ಞಾಪತ್ರವನ್ನು ನೋಡಿ, ಪ್ರತಿ ಪಡೆದು, ಮಾಲೀಕರು ಪಕ್ಕದಲ್ಲಿ ಕುಳಿತು, ಹಗಲು ಹೊತ್ತಿನಲ್ಲಿ ಪರಿಚಿತ ರಸ್ತೆಯಲ್ಲಿ ಓಡಿಸಲು ಅವಕಾಶ ಕೊಡತಕ್ಕದ್ದು. ಅಧಿಕ ಶಕ್ತಿಯ ಕಾರಿನ ಬ್ರೇಕ್ ಮತ್ತು ಆಕ್ಸಿಲರೇಟರ್ ಸ್ವಭಾವವನ್ನು ಮೊದಲೇ ವಿವರಿಸತಕ್ಕದ್ದು. ವೇಗ ಪರೀಕ್ಷೆಗೆ ಸಾರ್ವಜನಿಕ ರಸ್ತೆಯನ್ನು ಬಳಸಬಾರದು.

9. ಹೆಸರು ವರ್ಗಾವಣೆಯ ವಿಧಾನ

9.1 ರಾಜ್ಯದೊಳಗಿನ ಮಾರಾಟ: ಮಾರಾಟಗಾರರು ನಮೂನೆ 29ರಲ್ಲಿ ಮಾರಾಟವಾದ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು ಹಾಗೂ ಅದರ ಪ್ರತಿಯನ್ನು ಖರೀದಿದಾರರಿಗೆ ಕಳುಹಿಸತಕ್ಕದ್ದು. ಖರೀದಿದಾರರು ನಮೂನೆ 30ರಲ್ಲಿ 30 ದಿನಗಳೊಳಗೆ ತಮ್ಮ ವಾಸಸ್ಥಳದ ಅಥವಾ ವಾಹನವನ್ನು ಸಾಮಾನ್ಯವಾಗಿ ಇರಿಸುವ ಸ್ಥಳದ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಗೆ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯ ವಿವರಗಳನ್ನು ವಾಹನ್ ಪೋರ್ಟಲ್‌ನಲ್ಲಿ ದಾಖಲಿಸಿ, ನಿಗದಿತ ಶುಲ್ಕ ಪಾವತಿಸಿ, ನೋಂದಣಿ ಪತ್ರ, ವಿಮಾ ಪತ್ರ, ಹೊಗೆ ತಪಾಸಣಾ ಪ್ರಮಾಣ ಪತ್ರ ಹಾಗೂ ಖರೀದಿದಾರರ ವಿಳಾಸದ ದಾಖಲೆಗಳನ್ನು ಲಗತ್ತಿಸಬೇಕಾಗುತ್ತದೆ. ರಾಜ್ಯದಲ್ಲಿ ಜೀವಾವಧಿ ತೆರಿಗೆ ಪಾವತಿಸಿರುವ ಕಾರಿಗೆ ರಾಜ್ಯದೊಳಗಿನ ವರ್ಗಾವಣೆಯ ಕಾರಣದಿಂದ ಮತ್ತೆ ಅದೇ ತೆರಿಗೆ ಬೀಳುವುದಿಲ್ಲ.

9.2 ಹೊರರಾಜ್ಯದ ಖರೀದಿದಾರರು: ಸ್ಪೋರ್ಟ್ಸ್ ಕಾರುಗಳಿಗೆ ಆಸಕ್ತರು ಕಡಿಮೆ ಇರುವುದರಿಂದ ಖರೀದಿದಾರರು ಹೊರರಾಜ್ಯದವರಾಗಿರುವುದು ಅಪರೂಪವಲ್ಲ. ಆಗ ನಮೂನೆ 28ರಲ್ಲಿ ಅರ್ಜಿ ಸಲ್ಲಿಸಿ ಕಲಂ 48ರ ಮೇರೆಗೆ ನಿರಾಕ್ಷೇಪಣಾ ಪತ್ರ ಪಡೆಯತಕ್ಕದ್ದು. ಇಂತಹ ಸಂದರ್ಭದಲ್ಲಿ ಮಾರಾಟಗಾರರಿಗೆ ವರದಿ ಮಾಡಲು 45 ದಿನಗಳ ಅವಕಾಶವಿದೆ. ಹೊರರಾಜ್ಯದಲ್ಲಿ ಮರುನೋಂದಣಿಯಾದ ನಂತರ ಇಲ್ಲಿ ಪಾವತಿಸಿದ ಜೀವಾವಧಿ ತೆರಿಗೆಯಲ್ಲಿ ವಾಹನದ ವಯಸ್ಸಿಗೆ ಅನುಗುಣವಾದ ಭಾಗವನ್ನು ಮರುಪಾವತಿ ಕೋರಲು ಅವಕಾಶವಿರುವುದರಿಂದ, ಆ ಮೊತ್ತ ಯಾರಿಗೆ ಸೇರಬೇಕೆಂಬುದನ್ನು ಮಾರಾಟ ಪತ್ರದಲ್ಲಿಯೇ ಬರೆದುಕೊಳ್ಳುವುದು ಉತ್ತಮ.

9.3 ಹೊರರಾಜ್ಯದ ನೋಂದಣಿ ಸಂಖ್ಯೆಯ ಕಾರು: ಕಲಂ 47ರ ಪ್ರಕಾರ ವಾಹನವನ್ನು ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇರಿಸಿದಲ್ಲಿ ಆ ರಾಜ್ಯದ ನೋಂದಣಿ ಸಂಖ್ಯೆ ಪಡೆಯತಕ್ಕದ್ದು. ದುಬಾರಿ ಕಾರುಗಳನ್ನು ಹೊರಗಡೆ ನೋಂದಣಿ ಮಾಡಿಸಿ ಕರ್ನಾಟಕದಲ್ಲಿ ಓಡಿಸುತ್ತಿರುವವರು ತೆರಿಗೆಯನ್ನು ಇತ್ಯರ್ಥಪಡಿಸದೆ ಮಾರಿದಲ್ಲಿ ಆ ಹೊರೆ ಖರೀದಿದಾರರ ಮೇಲೆ ಬಂದು ವಿವಾದಕ್ಕೆ ಕಾರಣವಾಗುತ್ತದೆ.

9.4 ವ್ಯಾಪಾರಿಗಳ ಮೂಲಕ ಮಾರಾಟ: ದಿನಾಂಕ 1-4-2023ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ, ಬಳಸಿದ ವಾಹನಗಳ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕು. ಅಂತಹ ಅಧಿಕೃತ ವ್ಯಾಪಾರಿಗೆ ವಾಹನ ಒಪ್ಪಿಸಿದ ಸಂಗತಿಯನ್ನು ನಮೂನೆ 29ಸಿಯಲ್ಲಿ ವಿದ್ಯುನ್ಮಾನ ವಿಧಾನದಲ್ಲಿ ತಿಳಿಸಿದ ಮೇಲೆ, ವಾಹನ ಅವರ ವಶದಲ್ಲಿರುವ ಅವಧಿಗೆ ಅವರನ್ನೇ ಮಾಲೀಕರೆಂದು ಪರಿಗಣಿಸಲಾಗುತ್ತದೆ. ಅಧಿಕಾರ ಪತ್ರವಿಲ್ಲದ ಮಧ್ಯವರ್ತಿಗೆ ಖಾಲಿ ನಮೂನೆಗಳಿಗೆ ಸಹಿ ಮಾಡಿ ಕೊಡುವ ಮಾಲೀಕರಿಗೆ ಈ ರಕ್ಷಣೆ ದೊರೆಯುವುದಿಲ್ಲ.

10. ವಿಮೆ

ಕಲಂ 157ರ ಪ್ರಕಾರ ವಾಹನ ವರ್ಗಾವಣೆಯಾದ ದಿನದಿಂದಲೇ ವಿಮಾ ಪತ್ರವೂ ಖರೀದಿದಾರರಿಗೆ ವರ್ಗವಾದಂತೆ ಭಾವಿಸಲಾಗುತ್ತದೆ. ಆದರೂ ಖರೀದಿದಾರರು 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಸಲ್ಲಿಸಿ ಹೆಸರು ಬದಲಾಯಿಸಿಕೊಳ್ಳತಕ್ಕದ್ದು. ಹಾಗೆ ಮಾಡದಿದ್ದಲ್ಲಿ ಕಾರಿಗೆ ಆದ ಹಾನಿಯ ಪರಿಹಾರ ತಿರಸ್ಕೃತವಾಗುವ ಸಂಭವವಿದೆ.

ಕ್ಲೇಮು ಇಲ್ಲದ ವರ್ಷಗಳಿಗಾಗಿ ದೊರೆಯುವ ರಿಯಾಯಿತಿಯು ಶೇ. 20ರಿಂದ ಆರಂಭವಾಗಿ ಶೇ. 50ರವರೆಗೆ ಏರುತ್ತದೆ. ಈ ರಿಯಾಯಿತಿಯು ವ್ಯಕ್ತಿಗೆ ಸೇರಿದ್ದೇ ಹೊರತು ವಾಹನಕ್ಕಲ್ಲ. ಮಾರಾಟಗಾರರು ವಿಮಾ ಸಂಸ್ಥೆಯಿಂದ ಪ್ರಮಾಣ ಪತ್ರ ಪಡೆದು ತಮ್ಮ ಮುಂದಿನ ಕಾರಿಗೆ 3 ವರ್ಷಗಳೊಳಗೆ ಬಳಸಿಕೊಳ್ಳಬಹುದು. ಬಹಳಷ್ಟು ಮಾಲೀಕರು ಈ ಸೌಲಭ್ಯವನ್ನು ಅರಿಯದೆ ಕಳೆದುಕೊಳ್ಳುತ್ತಾರೆ.

11. ಹಣ ಪಾವತಿ ಮತ್ತು ತೆರಿಗೆ

(ಅ) ದಿನಾಂಕ 1-4-2017ರಿಂದ, ಒಂದು ವ್ಯವಹಾರಕ್ಕೆ ಸಂಬಂಧಿಸಿ ರೂ. 2 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಮೊತ್ತವನ್ನು ಭಾಗ ಮಾಡಿ ಬೇರೆ ಬೇರೆ ದಿನ ಪಡೆದರೂ ಇದು ಅನ್ವಯಿಸುತ್ತದೆ. ದಂಡವು ಪಡೆದ ಮೊತ್ತಕ್ಕೆ ಸಮನಾಗಿರುತ್ತದೆ ಮತ್ತು ಹಣ ಪಡೆದವರ ಮೇಲೆ ಬೀಳುತ್ತದೆ. ಆದ್ದರಿಂದ ಬ್ಯಾಂಕ್ ಮೂಲಕವೇ ಹಣ ಪಡೆಯತಕ್ಕದ್ದು.

(ಆ) ಸ್ವಂತ ಬಳಕೆಯ ಕಾರು ವೈಯಕ್ತಿಕ ಬಳಕೆಯ ವಸ್ತುವೆನಿಸುವುದರಿಂದ ಅದರ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ವ್ಯಾಪಾರದ ಲೆಕ್ಕದಲ್ಲಿ ಸವಕಳಿ ಕಳೆದುಕೊಂಡಿದ್ದಲ್ಲಿ ಮಾರಾಟದ ಮೊತ್ತವನ್ನು ಆಸ್ತಿಯ ಮೌಲ್ಯದಿಂದ ಕಳೆದು ತೋರಿಸಬೇಕು.

(ಇ) ಜಿಎಸ್‌ಟಿ ನೋಂದಣಿ ಇಲ್ಲದ ವ್ಯಕ್ತಿಯು ಮತ್ತೊಬ್ಬ ವ್ಯಕ್ತಿಗೆ ಕಾರು ಮಾರಿದರೆ ಜಿಎಸ್‌ಟಿ ಇಲ್ಲ. ನೋಂದಾಯಿತ ವ್ಯಾಪಾರಸ್ಥರಿಗೆ ದಿನಾಂಕ 16-1-2025ರಿಂದ ಬಳಸಿದ ಕಾರುಗಳ ಮೇಲೆ ಶೇ. 18ರ ದರವು ಲಾಭಾಂಶದ ಮೇಲೆ ಮಾತ್ರ ಅನ್ವಯಿಸುತ್ತದೆ. ಉದಾಹರಣೆ: ಸವಕಳಿ ಕಳೆದು ಉಳಿದ ಮೌಲ್ಯ ರೂ. 4,00,000, ಮಾರಾಟ ಬೆಲೆ ರೂ. 4,60,000 ಆದಲ್ಲಿ ರೂ. 60,000ಕ್ಕೆ ತೆರಿಗೆ ರೂ. 10,800. ಉಳಿದ ಮೌಲ್ಯಕ್ಕಿಂತ ಕಡಿಮೆಗೆ ಮಾರಿದಲ್ಲಿ ತೆರಿಗೆ ಇಲ್ಲ.

12. ಹಸ್ತಾಂತರದ ದಿನ

ಹಸ್ತಾಂತರ ಪತ್ರವನ್ನು ಎರಡು ಪ್ರತಿಗಳಲ್ಲಿ ಬರೆದು ಉಭಯರೂ ಸಹಿ ಮಾಡತಕ್ಕದ್ದು. ಅದರಲ್ಲಿ ಇರಬೇಕಾದ ಅಂಶಗಳು:

(1) ದಿನಾಂಕ ಮಾತ್ರವಲ್ಲದೆ ಗಂಟೆ ಮತ್ತು ನಿಮಿಷ.
(2) ನೋಂದಣಿ, ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು.
(3) ದೂರಮಾಪಕದ ಅಂಕಿ.
(4) ಬೆಲೆ ಮತ್ತು ಪಾವತಿಯ ವಿವರ.
(5) ವಾಹನದಲ್ಲಿರುವ ಮಾರ್ಪಾಡುಗಳ ಪಟ್ಟಿ ಹಾಗೂ ಒಪ್ಪಿಸಿದ ಮೂಲ ಬಿಡಿಭಾಗಗಳ ಪಟ್ಟಿ.
(6) ಹಸ್ತಾಂತರದ ನಂತರದ ದಂಡ ಮತ್ತು ಅಪಘಾತದ ಹೊಣೆ ಖರೀದಿದಾರರದೆಂಬ ಒಪ್ಪಿಗೆ.
(7) ಖರೀದಿದಾರರ ಗುರುತಿನ ಮತ್ತು ವಿಳಾಸದ ದಾಖಲೆಯ ಪ್ರತಿ.

ಮೇಲಿನ (6)ನೇ ಅಂಶವು ಮಾರಾಟಗಾರ ಮತ್ತು ಖರೀದಿದಾರರ ನಡುವೆ ಮಾತ್ರ ಬಲ ಹೊಂದಿರುತ್ತದೆ. ಅಪಘಾತದಲ್ಲಿ ನೊಂದವರ ಮುಂದೆ ಅದು ನಿಲ್ಲುವುದಿಲ್ಲ. ಆದ ಕಾರಣ ಹಸ್ತಾಂತರ ಪತ್ರವು ಹೆಸರು ವರ್ಗಾವಣೆಗೆ ಬದಲಿಯಲ್ಲ. ಅನುಕೂಲವಿದ್ದಲ್ಲಿ ಬೆಲೆಯ ಒಂದು ಭಾಗವನ್ನು ವರ್ಗಾವಣೆಯು ದಾಖಲಾದ ಮೇಲೆ ಹಿಂದಿರುಗಿಸುವ ಷರತ್ತಿನ ಮೇಲೆ ಠೇವಣಿಯಾಗಿ ಇರಿಸಿಕೊಳ್ಳುವ ಒಪ್ಪಂದ ಮಾಡಿಕೊಳ್ಳಬಹುದು.

ಹಸ್ತಾಂತರದ ದಿನವೇ ಫಾಸ್ಟ್ಯಾಗ್ ಖಾತೆಯನ್ನು ಮುಚ್ಚಿಸತಕ್ಕದ್ದು. ಇಲ್ಲವಾದಲ್ಲಿ ಹೊಸ ಮಾಲೀಕರ ಪ್ರಯಾಣದ ಸುಂಕ ಹಳೆಯ ಮಾಲೀಕರ ಖಾತೆಯಿಂದ ಕಡಿತವಾಗುತ್ತದೆ. ಕಾರಿಗೆ ಜೋಡಿಸಿದ ಮೊಬೈಲ್ ಸಂಪರ್ಕ, ವಿಳಾಸಗಳು ಮುಂತಾದ ವೈಯಕ್ತಿಕ ಮಾಹಿತಿಯನ್ನು ಅಳಿಸತಕ್ಕದ್ದು.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಖರೀದಿದಾರರು 30 ದಿನ ಕಳೆದರೂ ಹೆಸರು ಬದಲಾಯಿಸಿಕೊಂಡಿಲ್ಲ. ಮಾರಾಟಗಾರರು ಏನು ಮಾಡಬೇಕು?
ಉತ್ತರ: ಮಾರಾಟಗಾರರು ನಮೂನೆ 29ನ್ನು ತಾವೇ ಖುದ್ದಾಗಿ ಅಥವಾ ನೋಂದಾಯಿತ ಅಂಚೆಯ ಮೂಲಕ ನೋಂದಣಿ ಪ್ರಾಧಿಕಾರಕ್ಕೆ ಸಲ್ಲಿಸಿ ಸ್ವೀಕೃತಿ ಪಡೆದಿರಬೇಕು. ಖರೀದಿದಾರರಿಗೆ ಲಿಖಿತ ತಿಳಿವಳಿಕೆ ನೀಡಿ, ಹಸ್ತಾಂತರ ಪತ್ರದ ಪ್ರತಿಯೊಂದಿಗೆ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದು. ವರ್ಗಾವಣೆಯು ದಾಖಲಾಗುವವರೆಗೆ ವಿಷಯವನ್ನು ಬಿಡಬಾರದು.

ಪ್ರಶ್ನೆ: ಮಾಲೀಕರು ನಿಧನರಾಗಿದ್ದಲ್ಲಿ ಕುಟುಂಬದವರು ನೇರವಾಗಿ ಮಾರಬಹುದೇ?
ಉತ್ತರ: ಮೊದಲು ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳತಕ್ಕದ್ದು. ನಿಧನದ ಸಂಗತಿಯನ್ನು 30 ದಿನಗಳೊಳಗೆ ತಿಳಿಸಿ, 3 ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

ಪ್ರಶ್ನೆ: ಮಾರ್ಪಾಡನ್ನು ಖರೀದಿದಾರರೇ ಇಷ್ಟಪಟ್ಟು ಕೇಳಿದ್ದಾರೆ. ಹಾಗೆಯೇ ಮಾರಬಹುದೇ?
ಉತ್ತರ: ಖರೀದಿದಾರರ ಒಪ್ಪಿಗೆಯಿಂದ ಕಾನೂನುಬಾಹಿರ ಮಾರ್ಪಾಡು ಸಿಂಧುವಾಗುವುದಿಲ್ಲ. ವರ್ಗಾವಣೆಗೆ ಮುನ್ನ ಮೂಲ ಸ್ಥಿತಿಗೆ ತರತಕ್ಕದ್ದು.

ಪ್ರಶ್ನೆ: ವಿಮಾ ಸಂಸ್ಥೆಗೆ ಮಾರ್ಪಾಡುಗಳ ವಿಷಯ ತಿಳಿಸಬೇಕೇ?
ಉತ್ತರ: ತಿಳಿಸಬೇಕು. ತಿಳಿಸದ ಮಾರ್ಪಾಡು ಅಪಘಾತದ ನಂತರ ಬೆಳಕಿಗೆ ಬಂದಲ್ಲಿ ಪರಿಹಾರದ ಬಗ್ಗೆ ವಿವಾದ ಉಂಟಾಗಬಹುದು.

ಪ್ರಶ್ನೆ: ವರ್ಗಾವಣೆ ಪೂರ್ಣವಾಗಿದೆಯೆಂದು ಮಾರಾಟಗಾರರು ತಿಳಿಯುವುದು ಹೇಗೆ?
ಉತ್ತರ: ನೋಂದಣಿ ಸಂಖ್ಯೆಯ ಮೂಲಕ ವಾಹನ್ ಪೋರ್ಟಲ್‌ನಲ್ಲಿ ಮಾಲೀಕರ ವಿವರ ಬದಲಾಗಿರುವುದನ್ನು ನೋಡಿ, ಹೊಸ ನೋಂದಣಿ ಪತ್ರದ ಪ್ರತಿಯನ್ನು ಖರೀದಿದಾರರಿಂದ ಪಡೆದು ಹಸ್ತಾಂತರ ಪತ್ರದೊಂದಿಗೆ ಇಟ್ಟುಕೊಳ್ಳತಕ್ಕದ್ದು.

ವಿಶೇಷ ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಸರಳೀಕರಿಸಿ ನೀಡಲಾಗಿದೆ. ಯಾವುದೇ ವಿಷಯದಲ್ಲಿ ಸಂದೇಹವಿದ್ದಲ್ಲಿ ಮೋಟಾರು ವಾಹನಗಳ ಅಧಿನಿಯಮ, 1988, ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಹಾಗೂ ಕಾಲಕಾಲಕ್ಕೆ ಹೊರಡಿಸಿದ ಅಧಿಸೂಚನೆಗಳೇ ಅಂತಿಮ. ಹೆಚ್ಚಿನ ವಿವರಗಳಿಗೆ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.